ಚುಕ್ಕಾಣಿ ಯಾರ ಕೈಯಲ್ಲಿ: ಮೆಡಿಟರೇನಿಯನ್ ದಡದ ಯಾತ್ರೆಯ ತತ್ವ

ಯಾತ್ರೆಯ ಫಲ ಸಲ್ಲುವುದು ಯಾತ್ರಿಕನ ಶ್ರಮಕ್ಕೋ, ಅವನನ್ನು ಹೊತ್ತು ತಂದು ಮುಟ್ಟಿಸಿದ ಕೃಪೆಗೋ ಎಂಬುದು ಧರ್ಮಚಿಂತನೆಯ ಹಳೆಯ ಜಿಜ್ಞಾಸೆ. ದಕ್ಷಿಣ ಯೂರೋಪಿನ ಕಡಲತಡಿಯಲ್ಲಿ ಈ ಪ್ರಶ್ನೆ ಬರೀ ತರ್ಕವಾಗಿ ಉಳಿದಿಲ್ಲ. ಅಲ್ಲಿನ ಹಲವು ಪುಣ್ಯಕ್ಷೇತ್ರಗಳು ಬಂದರು ಊರುಗಳು. ಜನ ಅಲ್ಲಿಗೆ ಹೋಗುವುದು ಫೆರಿ, ಲೋಕಲ್ ರೈಲು, ಬಸ್ಸುಗಳಲ್ಲಿ. ಕಾಲ್ನಡಿಗೆಯವನು ಬೇಕೆಂದಲ್ಲಿ ನಿಲ್ಲಬಲ್ಲ, ಕಾರಿನವನು ಬೇಕೆಂದ ಕಡೆ ತಿರುಗಬಲ್ಲ. ಬಸ್ಸು, ಹಡಗು ಹತ್ತಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಹೊರಡುವ ಹೊತ್ತು, ನಿಲ್ಲುವ ಜಾಗ, ಪಕ್ಕದಲ್ಲಿ ಕೂರುವವರು, ಯಾವುದೂ ಅವನ ಆಯ್ಕೆಯಲ್ಲ. ಈ ಪರಾಧೀನತೆಗೆ ಆಧ್ಯಾತ್ಮಿಕವಾಗಿ ಏನಾದರೂ ಬೆಲೆ ಇದೆಯೇ?

ಪ್ರಯಾಣದಿಂದ ಮನುಷ್ಯನಿಗೆ ಏನೂ ಆಗದು ಎಂಬ ವಾದವನ್ನು ಅತ್ಯಂತ ಗಟ್ಟಿಯಾಗಿ ಮಂಡಿಸಿದವನು ರೋಮಿನ ಸ್ಟೋಯಿಕ್ ದಾರ್ಶನಿಕ ಸೆನೆಕಾ. ಊರು ಬದಲಾದರೂ ಜೊತೆಗೆ ಹೊತ್ತೊಯ್ದ ಮನಸ್ಸು ಅದೇ. ಓಡಿಹೋಗುವವನ ಬೆನ್ನಿಗೆ ಅವನೇ ಇರುತ್ತಾನೆ ಎಂಬುದು ಅವನ ನಿಲುವು. ಕ್ರಿ.ಶ. 62ರಿಂದ 65ರ ನಡುವೆ ಗೆಳೆಯ ಲುಸಿಲಿಯಸ್‌ಗೆ ಬರೆದ ಪತ್ರಗಳಲ್ಲಿ ಅವನು ಇದನ್ನು ಮತ್ತೆ ಮತ್ತೆ ಹೇಳುತ್ತಾನೆ. ಆದರೆ ಅದೇ ಪತ್ರಗಳಲ್ಲಿ ಅವನ ಸ್ವಂತ ಪ್ರಯಾಣಗಳ ಕಥೆಯೂ ಇದೆ, ಅದು ಅಷ್ಟೇನೂ ಘನವಾಗಿಲ್ಲ. ನೇಪಲ್ಸ್‌ನಿಂದ ಪುತ್ಯೋಲಿಗೆ, ಅಂದರೆ ಇಂದಿನ ಪೊತ್ಸುವೋಲಿಗೆ, ದೋಣಿಯಲ್ಲಿ ಹೊರಟವನಿಗೆ ನಡುವೆ ಅಲೆ ಎದ್ದು ಹೊಟ್ಟೆ ತೊಳಸಿತು. ಅಂಬಿಗನನ್ನು ಗದರಿಸಿ ದಡದತ್ತ ತಿರುಗಿಸಿದ. ದೋಣಿ ನಿಲ್ಲುವವರೆಗೂ ತಾಳದೆ ನೀರಿಗೆ ಹಾರಿ, ಬಂಡೆಗಳನ್ನು ಹಿಡಿದು ತೆವಳುತ್ತ ಮೇಲೆ ಬಂದ. ಇನ್ನೊಮ್ಮೆ ನೇಪಲ್ಸ್‌ಗೆ ಮರಳುವಾಗ ಸಮುದ್ರದ ಸಹವಾಸವೇ ಬೇಡವೆಂದು ಗುಡ್ಡ ಕೊರೆದ ಸುರಂಗದ ದಾರಿ ಹಿಡಿದ. ಅಲ್ಲಿ ಧೂಳು, ಕತ್ತಲೆ. ದೀವಟಿಗೆಗಳು ಇದ್ದದ್ದು ಕತ್ತಲೆಯನ್ನು ಕಾಣಿಸಲು ಮಾತ್ರ. ಈಗ ಆ ದೂರವನ್ನು ನೇಪಲ್ಸ್ ಮೆಟ್ರೊದ ಎರಡನೇ ಲೈನೂ ಕುಮಾನಾ ರೈಲೂ ಕ್ರಮಿಸುತ್ತವೆ, ಅವೂ ಸುರಂಗ ತೂರಿಯೇ.

ಇನ್ನೊಂದು ಪತ್ರದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಿಂದ ಗೋಧಿ ತರುವ ಹಡಗುಗಳ ಆಗಮನದ ವರ್ಣನೆಯಿದೆ. ಅವುಗಳ ಹಾಯಿ ಕಂಡೊಡನೆ ಪುತ್ಯೋಲಿಯ ಜನವೆಲ್ಲ ಧಕ್ಕೆಗೆ ಓಡುತ್ತಿದ್ದರು. ತಾನು ಮಾತ್ರ ಓಡದೆ ಕುಳಿತಿದ್ದೆ ಎಂದು ಸೆನೆಕಾ ಹೆಮ್ಮೆಪಡುತ್ತಾನೆ. ಸರಿಸುಮಾರು ಅದೇ ವರ್ಷಗಳಲ್ಲಿ, ಅಂಥದೇ ಅಲೆಕ್ಸಾಂಡ್ರಿಯದ ಹಡಗಿನಿಂದ, ಅದೇ ಬಂದರಿನಲ್ಲಿ ಸಂತ ಪೌಲ ಇಳಿದ. ಇಬ್ಬರೂ ಭೇಟಿಯಾದ ದಾಖಲೆಯಿಲ್ಲ. ಸೆನೆಕಾನ ಅಣ್ಣ ಗಲ್ಲಿಯೋ ಮಾತ್ರ ಕೊರಿಂಥದಲ್ಲಿ ರಾಜ್ಯಪಾಲನಾಗಿದ್ದಾಗ ಪೌಲನ ಮೇಲಿನ ದೂರನ್ನು ತಳ್ಳಿಹಾಕಿದ್ದ. ಇಷ್ಟು ಹತ್ತಿರ ಬಂದವರು ಭೇಟಿಯಾಗದೆ ಹೋದದ್ದನ್ನು ನಂತರದ ಕ್ರೈಸ್ತರಿಗೆ ಸಹಿಸಲಾಗಲಿಲ್ಲವೋ ಏನೋ, ನಾಲ್ಕನೇ ಶತಮಾನದಲ್ಲಿ ಯಾರೋ ಇಬ್ಬರ ನಡುವಿನ ಪತ್ರವ್ಯವಹಾರವನ್ನೇ ಸೃಷ್ಟಿಸಿಬಿಟ್ಟರು.

ಪೌಲನ ಪ್ರಯಾಣ ಬೇರೆಯೇ ತರಹದ್ದು. ರೋಮನ್ನರ ಕಾಲದಲ್ಲಿ ಪ್ರಯಾಣಿಕರಿಗೆಂದೇ ಓಡುವ ಹಡಗುಗಳಿರಲಿಲ್ಲ. ಸರಕು ಹಡಗು ಎತ್ತ ಹೊರಟಿದೆ ಎಂದು ಕೇಳಿ ತಿಳಿದು, ತಮ್ಮ ಊಟ ಹಾಸಿಗೆ ತಾವೇ ಹೊತ್ತು ಹತ್ತಬೇಕಿತ್ತು. ಪೌಲನಾದರೋ ಕೈದಿ, ಒಬ್ಬ ಶತಾಧಿಪತಿಯ ಕಾವಲಿನಲ್ಲಿ ವಿಚಾರಣೆಗೆಂದು ರೋಮಿಗೆ ಹೊರಟವನು. ಅವನಿದ್ದ ಹಡಗಿನಲ್ಲಿ 276 ಮಂದಿ ಇದ್ದರು ಎಂದು ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಲೆಕ್ಕ ಕೊಡುತ್ತದೆ. ಬಿರುಗಾಳಿಗೆ ಸಿಕ್ಕಾಗ ನಾವಿಕರು ಹಡಗಿನ ಒಡಲಿಗೆ ಹಗ್ಗ ಸುತ್ತಿ ಬಿಗಿದರು, ಸಾಮಾನು ಎಸೆದರು, ಕೊನೆಗೆ ಹೊಟ್ಟೆಪಾಡಿನ ಗೋಧಿಯನ್ನೂ ಕಡಲಿಗೆ ಸುರಿದರು. ಎದುರಿಸಲಾಗದ ಗಾಳಿಗೆ ಹಡಗನ್ನು ಬಿಟ್ಟುಕೊಟ್ಟರು. ಹದಿನಾಲ್ಕು ರಾತ್ರಿ ತೇಲಿದ ಮೇಲೆ ಮಾಲ್ಟಾದ ದಡ ಸಿಕ್ಕಿತು. ಮೂರು ತಿಂಗಳ ನಂತರ ಬೇರೆ ಹಡಗು. ಸಿರಾಕ್ಯೂಸ್, ರೆಜ್ಜೊ, ಪುತ್ಯೋಲಿ, ಅಲ್ಲಿಂದ ಆಪ್ಪಿಯನ್ ಹೆದ್ದಾರಿಯಲ್ಲಿ ರೋಮ್. ಪೌಲ ಹೋಗಬೇಕೆಂದುಕೊಂಡಿದ್ದ ಊರೇ ರೋಮ್. ತಲುಪಿದ್ದು ಮಾತ್ರ ತನ್ನ ಯಾವ ನಿರ್ಧಾರಕ್ಕೂ ಬೆಲೆಯಿಲ್ಲದ ರೀತಿಯಲ್ಲಿ.

ಈ ಕಡಲಿನ ಪುರಾಣಗಳಲ್ಲಿ ಇದೇ ಎಳೆ ಮತ್ತೆ ಮತ್ತೆ ಕಾಣಿಸುತ್ತದೆ. ಹೋಮರನ ಒಡಿಸಿಯಸ್ ಹತ್ತು ವರ್ಷ ಹೆಣಗಾಡಿಯೂ ಊರು ಮುಟ್ಟಲಿಲ್ಲ. ಕೊನೆಗೆ ಮುಟ್ಟಿದ್ದು ಫಯೇಶಿಯನ್ನರ ಹಡಗಿನಲ್ಲಿ, ಗಾಢ ನಿದ್ದೆಯಲ್ಲಿ. ಆ ಹಡಗುಗಳಿಗೆ ಚುಕ್ಕಾಣಿಯಿಲ್ಲ, ಚಾಲಕನೂ ಇಲ್ಲ. ಜನರ ಮನಸ್ಸು ಅರಿತು ಅವೇ ಸಾಗುತ್ತವೆ. ಫ್ರಾನ್ಸಿನ ಸ್ಯಾಂತ್-ಮರೀ-ದ-ಲಾ-ಮೇರ್ ಎಂಬ ಕರಾವಳಿ ಊರಿಗೆ ಮರಿಯಾ ಹೆಸರಿನ ಸಾಧ್ವಿಯರು ಬಂದದ್ದು ಹಾಯಿ, ಹುಟ್ಟು ಎರಡೂ ಇಲ್ಲದ ದೋಣಿಯಲ್ಲಿ ಎಂದು ಐತಿಹ್ಯ. ಇಂದು ಆರ್ಲ್ ಪಟ್ಟಣದಿಂದ ಬಸ್ಸಿನಲ್ಲಿ ಅಲ್ಲಿಗೆ ಹೋಗಬಹುದು; ಮೇ 24ರಂದು ರೋಮಾ ಜನ ತಮ್ಮ ಸಂತಳಾದ ಸಾರಾಳ ಕಪ್ಪು ಮೂರ್ತಿಯನ್ನು ಹೊತ್ತು ಸಮುದ್ರಕ್ಕೆ ಇಳಿಯುತ್ತಾರೆ. ಸ್ಪೇನಿನ ಗಲೀಸಿಯಾದಲ್ಲಿ ಸಂತ ಯಾಕೋಬನ ದೇಹ ಬಂದು ಸೇರಿದ್ದೂ ಯಾರೂ ನಡೆಸದ ದೋಣಿಯಲ್ಲೇ. ಪವಿತ್ರವಾದದ್ದು ತನ್ನಷ್ಟಕ್ಕೆ ಬರುತ್ತದೆ, ಅದನ್ನು ಯಾರೂ ಹೋಗಿ ತರುವುದಿಲ್ಲ ಎಂಬ ನಂಬಿಕೆ ಇವೆಲ್ಲದರ ತಳದಲ್ಲಿದೆ.

ಶ್ರೀವೈಷ್ಣವರ ಪ್ರಪತ್ತಿಯ, ಅಂದರೆ ಶರಣಾಗತಿಯ, ಚರ್ಚೆ ಬಲ್ಲವರಿಗೆ ಇದು ಹೊಸದೆನಿಸದು. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ವಡಗಲೈ ಮತ್ತು ತೆಂಗಲೈ ಪಂಥಗಳು ಈ ದೃಷ್ಟಾಂತದ ಸುತ್ತ ನಡೆಸಿದ ವಾದವನ್ನು ಕ್ರೈಸ್ತ ಜಗತ್ತು ಸುಕೃತ ಮತ್ತು ಕೃಪೆ ಎಂಬ ಹೆಸರಿನಲ್ಲಿ ನಡೆಸಿತು. ಕಾಲ್ನಡಿಗೆಯ ಯಾತ್ರೆ ಮೊದಲ ಪಕ್ಷಕ್ಕೆ ಸೇರಿದ್ದು, ಹಡಗಿನ ಯಾತ್ರೆ ಎರಡನೆಯದಕ್ಕೆ.

ಸಾರ್ವಜನಿಕ ವಾಹನದ ಬಗ್ಗೆಯೇ ನೇರವಾಗಿ ಮಾತಾಡಿದ ಧರ್ಮಗುರುವೂ ಒಬ್ಬನಿದ್ದಾನೆ. ನಾಲ್ಕನೇ ಶತಮಾನದ ನಿಸ್ಸಾದ ಗ್ರೆಗರಿ ಈಗಿನ ಟರ್ಕಿಯ ಕಪ್ಪಡೋಷಿಯಾದ ಬಿಷಪ್. ಸಭೆಯ ಕೆಲಸದ ಮೇಲೆ ಅರೇಬಿಯಾಕ್ಕೆ ಹೊರಟು ಜೆರುಸಲೇಮಿಗೂ ಹೋಗಿಬಂದ ಅವನು, ಯಾತ್ರೆ ಅಗತ್ಯವೇ ಎಂದು ಕೇಳಿದವರಿಗೆ ಒಂದು ಪತ್ರ ಬರೆದ. ಸ್ಥಳ ಬದಲಿಸಿದ ಮಾತ್ರಕ್ಕೆ ದೇವರು ಹತ್ತಿರವಾಗುವುದಿಲ್ಲ, ದುಷ್ಟ ಆಲೋಚನೆ ತುಂಬಿಕೊಂಡವನು ಯೇಸು ಶಿಲುಬೆಗೇರಿದ ಗೊಲ್ಗೊಥದ ಮೇಲೆ ನಿಂತರೂ ದೂರದಲ್ಲೇ ಇರುತ್ತಾನೆ, ದಾರಿಯ ಛತ್ರಗಳಂತೂ ಶೀಲಕ್ಕೆ ಅಪಾಯ ಎಂದು ಅವನ ವಾದ. ಹಾಗಾದರೆ ನೀನೇಕೆ ಹೋದೆ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೂ ಉತ್ತರವಿದೆ: ಚಕ್ರವರ್ತಿ ತಮಗೆ ಸರ್ಕಾರಿ ಸಾರಿಗೆಯ ಬಂಡಿಯನ್ನು ಕೊಟ್ಟಿದ್ದ, ದಾರಿಯುದ್ದಕ್ಕೂ ಕೀರ್ತನೆ ಹಾಡುತ್ತ, ಉಪವಾಸ ಮಾಡುತ್ತ ಹೋದದ್ದರಿಂದ ಆ ಬಂಡಿಯೇ ತಮಗೆ ಗುಡಿಯೂ ಮಠವೂ ಆಗಿತ್ತು. ಸಮರ್ಥನೆ ತುಸು ಅನುಕೂಲಕ್ಕೆ ತಕ್ಕಂತಿದೆ, ನಿಜ. ಆದರೆ ಅದರೊಳಗೆ ಮುಖ್ಯವಾದ ಒಂದು ಮಾತು ಅಡಗಿದೆ. ಕ್ಷೇತ್ರಕ್ಕೆ ವಿಶೇಷ ಮಹಿಮೆಯಿಲ್ಲ ಎಂದವನು, ಜನ ಒಟ್ಟಿಗೆ ಕುಳಿತು ಸಾಗುವ ಬಂಡಿಗೆ ಆ ಮಹಿಮೆಯನ್ನು ಕೊಟ್ಟುಬಿಟ್ಟ.

ಸಂತ ಯಾಕೋಬನ ಸಮಾಧಿಯಿರುವ ಸಾಂತ್ಯಾಗೊ ದ ಕೊಂಪೊಸ್ತೇಲಾದಲ್ಲಿ ಎರಡೂ ಪಕ್ಷಗಳು ಒಂದೇ ಊರಿನಲ್ಲಿ ಬಾಳುತ್ತಿವೆ. ಯಾತ್ರೆ ಮುಗಿಸಿದವರಿಗೆ ಕ್ಯಾಥೆಡ್ರಲ್‌ನ ಯಾತ್ರಿಕ ಕಚೇರಿ ‘ಕೊಂಪೊಸ್ತೇಲಾ’ ಎಂಬ ಲ್ಯಾಟಿನ್ ಪ್ರಮಾಣಪತ್ರ ಕೊಡುತ್ತದೆ. ಅದಕ್ಕೆ ನಡೆದು ಅಥವಾ ಕುದುರೆಯ ಮೇಲೆ ಕನಿಷ್ಠ 100 ಕಿಲೋಮೀಟರ್, ಸೈಕಲ್ಲಿನಲ್ಲಾದರೆ 200 ಕಿಲೋಮೀಟರ್ ಬಂದಿರಬೇಕು. ದಾರಿಯ ಚರ್ಚು, ಛತ್ರ, ಹೋಟೆಲುಗಳಲ್ಲಿ ಹಾಕಿಸಿಕೊಂಡ ಮೊಹರುಗಳು ಪುಸ್ತಿಕೆಯಲ್ಲಿ ಇರಬೇಕು. ಬಸ್ಸಿನಲ್ಲಿ ಬಂದವನಿಗೆ ಆ ಪತ್ರವಿಲ್ಲ. ಆದರೆ ಜುಲೈ 25 ಭಾನುವಾರ ಬೀಳುವ ಪವಿತ್ರ ವರ್ಷದಲ್ಲಿ ಕ್ಯಾಥೊಲಿಕ್ ಚರ್ಚು ನೀಡುವ ಪೂರ್ಣ ದಂಡವಿಮೋಚನೆಯ ಷರತ್ತುಗಳೇ ಬೇರೆ: ಸಮಾಧಿಯ ದರ್ಶನ, ಪ್ರಾರ್ಥನೆ, ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ. ಹೇಗೆ ಬಂದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ದೇವರ ಲೆಕ್ಕಕ್ಕೆ ಬೇಡವಾದ ಕಿಲೋಮೀಟರು ಕಚೇರಿಯ ಲೆಕ್ಕಕ್ಕೆ ಬೇಕು. ನಡೆದು ಬಂದವರದೇ ಶುದ್ಧ ಸಂಪ್ರದಾಯ ಎಂಬ ಇಂದಿನ ಭಾವನೆಗೂ ಇತಿಹಾಸದ ಬೆಂಬಲ ಕಡಿಮೆ. ಮಧ್ಯಯುಗದ ಇಂಗ್ಲಿಷ್ ಯಾತ್ರಿಕರು ಹಡಗಿನಲ್ಲಿ ಲಾ ಕೊರುನ್ಯಾಕ್ಕೆ ಬಂದು ಉಳಿದ ಸ್ವಲ್ಪ ದೂರವನ್ನಷ್ಟೇ ನಡೆಯುತ್ತಿದ್ದರು. 1456ರಲ್ಲಿ ಪ್ಲಿಮತ್‌ನಿಂದ ಹೊರಟ ವಿಲಿಯಂ ವೇ ಬರೆದಿಟ್ಟ ವೃತ್ತಾಂತ ಇದೆ. ಜೆರುಸಲೇಮಿಗೆ ಹೋಗುವವರನ್ನು ವೆನಿಸ್ಸಿನ ಹಡಗುಗಳು ಗುತ್ತಿಗೆ ಕರಾರಿನ ಮೇಲೆ ಒಯ್ಯುತ್ತಿದ್ದವು.

ಗ್ರೀಸಿನ ತೀನೊಸ್ ದ್ವೀಪದಲ್ಲಿ ಈ ಎರಡೂ ಪಕ್ಷಗಳನ್ನು ಬೆಸೆದಿದ್ದಾರೆ. 1823ರಲ್ಲಿ ಸಿಕ್ಕ ದೇವಮಾತೆಯ ಚಿತ್ರಪಟ ಅಲ್ಲಿನ ಆರಾಧ್ಯ ವಸ್ತು. ಆಗಸ್ಟ್ 15ರ ಹಬ್ಬಕ್ಕೆ ಪಿರೇಯಸ್, ರಫೀನಾ ಬಂದರುಗಳಿಂದ ಫೆರಿಗಳು ತುಂಬಿ ಬರುತ್ತವೆ. ಅಲ್ಲಿಯವರೆಗೆ ಎಲ್ಲರೂ ಒಂದೇ, ಪ್ರವಾಸಿ ಯಾರು ಹರಕೆಯವರು ಯಾರು ಹೇಳಲಾಗದು. ಧಕ್ಕೆಗೆ ಇಳಿದ ಮೇಲೆ ಕೆಲವರು ಮಂಡಿಯೂರುತ್ತಾರೆ. ಬಂದರಿನಿಂದ ಗುಡ್ಡದ ಮೇಲಿನ ಚರ್ಚಿನವರೆಗೆ ರಸ್ತೆಯ ಪಕ್ಕಕ್ಕೆ ಒಂದು ಪಟ್ಟಿ ನೆಲಹಾಸು ಹಾಸಿದ್ದಾರೆ. ಅದರ ಮೇಲೆ, ಬಿಸಿಲಿನಲ್ಲಿ, ಅಂಗೈ ಮತ್ತು ಮಂಡಿಯ ಮೇಲೆ ಏರು ಹತ್ತುತ್ತಾರೆ. ಆಳೆತ್ತರದ ಮೇಣದ ಬತ್ತಿ ಮಾರುವ ಅಂಗಡಿಗಳು ಪಕ್ಕದಲ್ಲೇ. ಹಡಗು ಉಳಿಸಿಕೊಟ್ಟ ಶ್ರಮವನ್ನು ಕೊನೆಯ ಕೆಲವು ನೂರು ಮೀಟರಿನಲ್ಲಿ ತೀರಿಸುವ ಲೆಕ್ಕವಿದು ಎನ್ನಬಹುದು. ಆದರೆ ತೆವಳುವವರಲ್ಲಿ ಹೆಚ್ಚಿನವರು ಮಗುವಿನ ಕಾಯಿಲೆಗೋ ಮತ್ತೊಂದು ಕಷ್ಟಕ್ಕೋ ಹರಕೆ ಹೊತ್ತವರು. ಅವರಿಗೆ ಇದು ಫಲಕ್ಕೆ ಕೊಡುವ ಬೆಲೆಯಾಗಿರದೆ ಆಗಲೇ ಸಿಕ್ಕಿದ್ದಕ್ಕೆ ಸಲ್ಲಿಸುವ ಕೃತಜ್ಞತೆಯಾಗಿರುವುದೂ ಉಂಟು.

ಅದೇ ಗ್ರೀಸಿನ ಅಥೋಸ್ ಪರ್ವತದಲ್ಲಿ ಏಳುವ ಪ್ರಶ್ನೆ ದೂರದ್ದಲ್ಲ, ಹೊತ್ತಿನದು. ಗಂಡಸರಿಗೆ ಮಾತ್ರ ಪ್ರವೇಶವಿರುವ ಆ ಮಠಗಳ ನಾಡಿಗೆ ಯಾತ್ರಿಕರು ರಸ್ತೆಯಲ್ಲಿ ಹೋಗುವಂತಿಲ್ಲ. ಥೆಸಲೋನಿಕಿಯಿಂದ ಬಸ್ಸಿನಲ್ಲಿ ಉರನೂಪೊಲಿಗೆ ಬಂದು, ಅನುಮತಿ ಪತ್ರ ತೋರಿಸಿ, ದೋಣಿಯಲ್ಲಿ ದಾಫ್ನಿಗೆ ಹೋಗಬೇಕು. ದೋಣಿ ಹೊರಡುವುದು ಗ್ರೀಕ್ ಸರ್ಕಾರದ ಗಡಿಯಾರಕ್ಕೆ. ಬಹುತೇಕ ಮಠಗಳಲ್ಲಿ ದಿನ ಆರಂಭವಾಗುವುದು ಸೂರ್ಯಾಸ್ತಕ್ಕೆ. ಅವರ ಪಂಚಾಂಗ ಹೊರಗಿನದಕ್ಕಿಂತ 13 ದಿನ ಹಿಂದೆ. ಅತಿಥಿ ಎರಡು ಕಾಲಗಳನ್ನು ಒಟ್ಟಿಗೆ ನಿಭಾಯಿಸಬೇಕು. ಎರಡರಲ್ಲೂ ಒಂದು ಸಾಮ್ಯವಿದೆ: ಗಂಟೆ ಬಾರಿಸಿದಾಗ ಕೈಯ ಕೆಲಸ ಬಿಟ್ಟು ಏಳುವ ಸನ್ಯಾಸಿಗೂ ದೋಣಿಯ ಹೊತ್ತಿಗೆ ಧಕ್ಕೆಯಲ್ಲಿ ನಿಲ್ಲುವ ಪ್ರಯಾಣಿಕನಿಗೂ ಸಮಯ ಸ್ವಂತದ್ದಲ್ಲ.

ಒಯ್ಯಲ್ಪಡುವುದೇ ಶರಣಾಗತಿ ಎಂಬ ಈ ವಾದಕ್ಕೆ ಎರಡು ದೊಡ್ಡ ಆಕ್ಷೇಪಗಳಿವೆ. ಮೊದಲನೆಯದು ಟಿಕೆಟ್ಟಿನದು. ಹಣ ಕೊಟ್ಟು ಕೊಂಡ ಸೀಟಿನಲ್ಲಿ ಶರಣಾಗತಿ ಎಲ್ಲಿಂದ ಬರಬೇಕು? ಪಾವೊಲಾದ ಸಂತ ಫ್ರಾನ್ಸಿಸ್‌ನ ಕಥೆ ಇದನ್ನೇ ಕುರಿತದ್ದು. 1464ರಲ್ಲಿ ಸಿಸಿಲಿಗೆ ಹೊರಟ ಅವನ ಬಳಿ ಕಾಸಿರಲಿಲ್ಲ. ಮೆಸ್ಸಿನಾ ಜಲಸಂಧಿಯ ಅಂಬಿಗ ಬಿಟ್ಟಿಯಾಗಿ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಆತ ತನ್ನ ನಿಲುವಂಗಿಯನ್ನೇ ನೀರಿನ ಮೇಲೆ ಹಾಸಿ ದಾಟಿದನೆಂದು ಪ್ರತೀತಿ. 1943ರಲ್ಲಿ ಅವನನ್ನು ಇಟಲಿಯ ನಾವಿಕರ ಪಾಲಕ ಸಂತನೆಂದು ಘೋಷಿಸಲಾಯಿತು. ಅದೇ ಜಲಸಂಧಿಯಲ್ಲಿ ಈಗ ರೋಮಿನಿಂದ ಬರುವ ರೈಲನ್ನು ವಿಲ್ಲಾ ಸಾನ್ ಜೊವಾನ್ನಿಯಲ್ಲಿ ತುಂಡು ಮಾಡಿ ಹಡಗಿನ ಒಡಲಿಗೆ ತಳ್ಳುತ್ತಾರೆ. ಬೋಗಿಗಳು ಕುಲುಕಿ ನಿಂತ ಮೇಲೆ ಪ್ರಯಾಣಿಕರು ಕಬ್ಬಿಣದ ಮೆಟ್ಟಿಲು ಹತ್ತಿ ಡೆಕ್ಕಿಗೆ ಬರುತ್ತಾರೆ. ಎದುರಿಗೆ ಮೆಸ್ಸಿನಾ ಬಂದರಿನ ಬಾಯಲ್ಲಿ ಊರನ್ನು ಹರಸುವ ದೇವಮಾತೆಯ ಹೊಂಬಣ್ಣದ ಪ್ರತಿಮೆ. ಟಿಕೆಟ್ ಇಲ್ಲದವನಿಗೆ ಪವಾಡವೇ ಗತಿ ಎಂಬುದು ಫ್ರಾನ್ಸಿಸ್‌ನ ಕಥೆಯ ಒಂದು ಅರ್ಥವಾದರೆ, ಅಂಬಿಗ ಮಾಡಬೇಕಾದ ಕೆಲಸವನ್ನು ದೇವರು ಮಾಡಬೇಕಾಯಿತು ಎಂಬುದು ಇನ್ನೊಂದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಚುಕ್ಕಾಣಿ ಇಲ್ಲದ ದೋಣಿ ಇಂದಿಗೂ ಆ ಕಡಲಿನಲ್ಲಿದೆ. 2013ರ ಅಕ್ಟೋಬರ್ 3ರಂದು ಲಿಬಿಯಾದಿಂದ ವಲಸಿಗರನ್ನು ತುಂಬಿಕೊಂಡು ಬಂದ ದೋಣಿ ಇಟಲಿಯ ಲ್ಯಾಂಪೆಡೂಸಾ ದ್ವೀಪದ ಸಮೀಪವೇ ಬೆಂಕಿ ಹೊತ್ತಿ ಮಗುಚಿ 360ಕ್ಕೂ ಹೆಚ್ಚು ಜನ ಸತ್ತರು. ಕೆಲವೇ ತಿಂಗಳ ಮೊದಲು, ಜುಲೈ 8ರಂದು, ಪೋಪ್ ಫ್ರಾನ್ಸಿಸ್ ಅದೇ ದ್ವೀಪದಲ್ಲಿ ದೋಣಿಯೊಂದನ್ನೇ ಪೀಠವಾಗಿಸಿ, ಒಡೆದ ದೋಣಿಗಳ ಮರದಿಂದ ಮಾಡಿದ ಬಟ್ಟಲು ಹಿಡಿದು ಬಲಿಪೂಜೆ ಅರ್ಪಿಸಿದ್ದರು. ಅಧೀನತೆಯನ್ನು ಆಧ್ಯಾತ್ಮಿಕ ಸದ್ಗುಣವೆಂದು ಹೊಗಳುವ ಮಾತು ಇಂಥವರ ಮುಂದೆ ಆಡಲು ಬರುವಂಥದಲ್ಲ. ತೀನೊಸ್‌ನ ಯಾತ್ರಿಕ ಮರುದಿನದ ಫೆರಿಗೆ ಟಿಕೆಟ್ ಇಟ್ಟುಕೊಂಡೇ ಮಂಡಿಯೂರುತ್ತಾನೆ. ಬಿಟ್ಟುಕೊಡಲು ಏನಾದರೂ ಇರುವವನಿಗೆ ಮಾತ್ರ ಶರಣಾಗತಿ ಸಾಧ್ಯ. ಎಲ್ಲವನ್ನೂ ಕಳೆದುಕೊಂಡವನ ಸ್ಥಿತಿಗೆ ಆ ಹೆಸರು ಸಲ್ಲದು.

ಹಾಗಾಗಿ ಹಳೆಯ ಕಥೆಗಳನ್ನು ಇನ್ನೊಂದು ಕಡೆಯಿಂದಲೂ ಓದಬೇಕಾಗುತ್ತದೆ, ಒಯ್ಯುವವರ ಮತ್ತು ದಡದಲ್ಲಿರುವವರ ಕಡೆಯಿಂದ. ಪೌಲನ ಹಡಗು ಒಡೆದಾಗ ಮಾಲ್ಟಾದ ಜನ ಮಳೆ ಚಳಿಯಲ್ಲಿ ನಡುಗುತ್ತಿದ್ದವರಿಗಾಗಿ ಬೆಂಕಿ ಹೊತ್ತಿಸಿದರು. ಕೈದಿ ಯಾರು, ಕಾವಲುಗಾರ ಯಾರು ಎಂದು ನೋಡಲಿಲ್ಲ. ಫಯೇಶಿಯನ್ನರ ಕಥೆ ಇಷ್ಟು ಸುಖವಾಗಿ ಮುಗಿಯುವುದಿಲ್ಲ. ಒಡಿಸಿಯಸ್‌ನನ್ನು ಮನೆಗೆ ಮುಟ್ಟಿಸಿ ಮರಳುತ್ತಿದ್ದ ಅವರ ಹಡಗನ್ನು ಸಮುದ್ರದೇವತೆ ಪೊಸೈಡಾನ್ ಬಂದರಿನ ಹತ್ತಿರವೇ ಕಲ್ಲು ಮಾಡಿಬಿಟ್ಟ. ಬೆದರಿದ ಅರಸ ಇನ್ನು ಮುಂದೆ ಬಂದ ಪರದೇಶಿಗಳನ್ನು ಮುಟ್ಟಿಸುವ ಕೆಲಸ ನಿಲ್ಲಿಸೋಣ ಎಂದು ಪ್ರಜೆಗಳಿಗೆ ಹೇಳುತ್ತಾನೆ. ಪರರನ್ನು ಹೊತ್ತವರಿಗೆ ತಗಲುವ ಬೆಲೆಯನ್ನು ಹೋಮರ್ ಮುಚ್ಚಿಡಲಿಲ್ಲ. ಆ ಅರಸನ ಲೆಕ್ಕಾಚಾರವೇ 2018ರ ಜೂನಿನಲ್ಲಿ ಇಟಲಿಯಲ್ಲಿ ಮತ್ತೆ ಕೇಳಿಬಂತು: ಕಡಲಲ್ಲಿ ರಕ್ಷಿಸಿದ 629 ಮಂದಿಯನ್ನು ಹತ್ತಿಸಿಕೊಂಡಿದ್ದ ‘ಅಕ್ವೇರಿಯಸ್’ ಹಡಗಿಗೆ ಬಂದರು ಪ್ರವೇಶ ಸಿಗಲಿಲ್ಲ. ಅವರನ್ನು ಕೊನೆಗೆ ಇಳಿಸಿಕೊಂಡದ್ದು ಸ್ಪೇನಿನ ವಲೆನ್ಸಿಯಾ.