ನಾಳೆ ಹೇಳ್ತೀನಿ

ಎರಡು ದೋಣಿಯಲ್ಲಿ ಕಾಲಿಡಬಾರದು ಎನ್ನುತ್ತಾರೆ. ನಾನು ಇಟ್ಟವಳು. 1994ರಲ್ಲಿ ಹಾಸನದಲ್ಲಿ ಬಿ.ಎಡ್. ಓದುತ್ತಿರುವಾಗಲೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡಲು ಅರ್ಜಿ ಸಿದ್ಧಪಡಿಸುತ್ತಿದ್ದೆ. ಆಗ ಬಿ.ಎಡ್. ಒಂದೇ ವರ್ಷದ್ದು; ಎರಡು ವರ್ಷವಾದದ್ದು 2015ರಿಂದ. "ಒಂದು ವರ್ಷ ತಾನೆ, ಮುಗಿಸಿಬಿಡು. ಸರ್ಟಿಫಿಕೇಟ್ ಒಂದಿದ್ದರೆ ನಾಳೆ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ" ಎಂದಿದ್ದಳು ಅಮ್ಮ. ಕೈಚಾಚಿ ನೊಂದವಳ ಮಾತು ಅದು. ಒಪ್ಪಿದೆ. ಮನಸ್ಸು ಮಾತ್ರ ಮೈಸೂರಿನಲ್ಲಿತ್ತು.

ಪ್ರಾಕ್ಟೀಸ್ ಟೀಚಿಂಗಿನ ಕೊನೆಯ ಪಾಠ. ಹಿಂದಿನ ದಿನವೆಲ್ಲ ಅಂಕಪಟ್ಟಿಯ ನಕಲುಗಳಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಲು ಅಲೆದಿದ್ದೆ. ರಾತ್ರಿ, ಹಿಂದಿನ ವರ್ಷ ಓದಿದ್ದ ಗೆಳತಿಯ ಲೆಸನ್ ಪ್ಲಾನನ್ನೇ ನೋಡಿ ಬರೆದುಕೊಂಡೆ. ಎಂಟನೆಯ ತರಗತಿ, ತತ್ಸಮ-ತದ್ಭವ. ಬೋರ್ಡಿನ ಮೇಲೆ 'ವಿದ್ಯಾ - ಬಿಜ್ಜೆ' ಎಂದು ಬರೆದೆ. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಇದನ್ನ ಹಿಂಗೆ ಬದಲಾಯಿಸಿದ್ದು ಯಾರು?" ಎಂದಳು. ಹಿಂದಿನ ಬೆಂಚಿನಲ್ಲಿ ನಮ್ಮ ಮೇಷ್ಟ್ರು ಅಂಕ ಹಾಕುತ್ತ ಕುಳಿತಿದ್ದರು. ಕದ್ದ ಪುಟದಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ನಾಳೆ ಹೇಳ್ತೀನಿ, ಕೂತ್ಕೊ" ಎಂದೆ. ನಾಳೆ ನಾನು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

ಪಾಠಕ್ಕೆ ಒಳ್ಳೆಯ ಅಂಕವೇ ಬಂತು. ಎಂ.ಎ. ಸೀಟೂ ಸಿಕ್ಕಿತು. ಮೈಸೂರಿನ ತರಗತಿಯಲ್ಲಿ ಒಂದು ದಿನ ಗುರುಗಳು ಅದೇ ಪದವನ್ನು ಬಿಡಿಸಿ ಹೇಳಿದರು. ಸಂಸ್ಕೃತದ ವಿದ್ಯಾ ಪ್ರಾಕೃತದಲ್ಲಿ ವಿಜ್ಜಾ ಆಯಿತು, ಕನ್ನಡಕ್ಕೆ ಬಂದು ಬಿಜ್ಜೆ ಆಯಿತು. ಯಾವ ಪಂಡಿತನೂ ಕುಳಿತು ಬದಲಾಯಿಸಿದ್ದಲ್ಲ, ಆಡುವವರ ನಾಲಗೆ ತಿದ್ದಿದ್ದು. ಎಲ್ಲರೂ ಬರೆದುಕೊಂಡರು. ನನಗೆ ಆ ಹುಡುಗಿ ನೆನಪಾದಳು. ಉತ್ತರ ಸಿಕ್ಕಿತ್ತು, ಕೇಳಿದವಳು ಎಲ್ಲಿದ್ದಳೋ!

ಎರಡು ದೋಣಿಯಲ್ಲಿ ಕಾಲಿಟ್ಟದ್ದು ತಪ್ಪೆ? ಅಲ್ಲ ಎಂದೇ ಈಗಲೂ ಅಂದುಕೊಂಡಿದ್ದೇನೆ. ಒಂದೇ ಬಾಗಿಲನ್ನು ನಂಬಿ ಕೂರುವ ಭಾಗ್ಯ ನಮ್ಮಂಥ ಮನೆಯ ಹೆಣ್ಣುಮಕ್ಕಳಿಗೆ ಎಲ್ಲಿತ್ತು? ಅದು ಮುಚ್ಚಿಕೊಂಡರೆ ಉಳಿಯುತ್ತಿದ್ದದ್ದು ಮದುವೆಯೊಂದೇ. ಉತ್ತರ ಗೊತ್ತಿಲ್ಲದ್ದೂ ತಪ್ಪಲ್ಲ. "ಗೊತ್ತಿಲ್ಲಮ್ಮ" ಎಂದಿದ್ದರೆ ಆಗುತ್ತಿತ್ತು. ಎರಡು ಅಂಕದ ಆಸೆಗೆ, ಬಾರದ ನಾಳೆಯೊಂದನ್ನು ಮಗುವಿಗೆ ಕೊಟ್ಟೆನಲ್ಲ, ಅದು ತಪ್ಪು. ಅಭ್ಯಾಸ ಎನ್ನುವುದು ನನಗಿತ್ತು, ಅವಳಿಗಲ್ಲ. ಅವಳ ಪಾಲಿಗೆ ಅದು ನಿಜವಾದ ಪಾಠ, ನಾನು ನಿಜವಾದ ಟೀಚರು. ನನ್ನ ಮನಸ್ಸು ಯಾವ ಊರಿನಲ್ಲಿತ್ತೆಂಬುದು ಅವಳಿಗೆ ಯಾಕೆ ಬೇಕು?

ಕೊನೆಗೆ ಅನ್ನ ಕೊಟ್ಟದ್ದು ಬಿ.ಎಡ್. ಹೈಸ್ಕೂಲಿಗೇ ಸೇರಿದೆ. ತತ್ಸಮ-ತದ್ಭವ ಬಂದಾಗಲೆಲ್ಲ, ಯಾರೂ ಕೇಳದಿದ್ದರೂ, ಬಿಜ್ಜೆಯ ಕಥೆ ಹೇಳುತ್ತೇನೆ. ಸಾಲ ತೀರಿತು ಎಂದು ಮಾತ್ರ ಒಮ್ಮೆಯೂ ಅನ್ನಿಸಿಲ್ಲ.