ಆರು ಮೀನಿನ ಲೆಕ್ಕ

ಹೋದ ವರ್ಷ ನಿಪ್ಪಾಣಿಯಿಂದ ಎರಡು ಟೈಗರ್ ಬಾರ್ಬ್ ತಂದು, ಚಿಕ್ಕೋಡಿಯ ನಮ್ಮ ಮನೆಯ ಎರಡಡಿ ಅಕ್ವೇರಿಯಂಗೆ ಬಿಟ್ಟೆ. ಜೋಡಿಯಿದ್ದರೆ ಸಾಕು ಅನ್ನುವುದು ನನ್ನದೇ ಲೆಕ್ಕ. ವಾರದೊಳಗೆ ಅವು ಗಪ್ಪಿಗಳ ಬಾಲ ಹರಿದವು. "ಆ ಜಾತಿನ ಹಂಗ ಬಿಡು," ಅಂದಳು ಅವ್ವ. ನಾನೂ ಹೂಂ ಅಂದೆ.

ಓದಿದಾಗ ಗೊತ್ತಾಯಿತು: ಇದು ಹಿಂಡಿನಲ್ಲಿ ಬದುಕುವ, ಚುರುಕಾಗಿ ಈಜುವ ಮೀನು. ಕನಿಷ್ಠ ಆರೆಂಟು ಇದ್ದರೆ ಅದರ ಬೆನ್ನಟ್ಟಾಟ ಬಹುಪಾಲು ತಮ್ಮೊಳಗೇ ಮುಗಿಯುತ್ತದೆ. ಇಲ್ಲದಿದ್ದರೆ ನೆರೆಯವರ ಮೈಮೇಲೆ. ನಿಧಾನವಾಗಿ ಈಜುವ ಉದ್ದ ಬಾಲದ ಗಪ್ಪಿಗಳ ಜೊತೆಗಂತೂ ಇಡಬಾರದು. ತೊಟ್ಟಿಯ ಎತ್ತರಕ್ಕಿಂತ ಉದ್ದ ಮುಖ್ಯ.

ಹಾಗಾದರೆ ಕೆಟ್ಟದ್ದು ಮೀನೋ, ನನ್ನ ಎಣಿಕೆಯೋ? 'ಆ ಜಾತಿಯೇ ಹಾಗೆ' ಎಂಬ ಮಾತನ್ನು ಮನುಷ್ಯರ ಬಗ್ಗೆಯೂ ಎಷ್ಟು ಸಲೀಸಾಗಿ ಆಡುತ್ತೇವೆ! ಅವರಿಗೆ ಕೊಟ್ಟ ಜಾಗವೆಷ್ಟು, ಜೊತೆ ಯಾರದು ಎಂದು ಮೊದಲು ಕೇಳುವುದಿಲ್ಲ. ಗುಂಪು ಕೊಟ್ಟ ಮಾತ್ರಕ್ಕೆ ನ್ಯಾಯ ಸಂದಿತು ಎಂದೂ ಅಲ್ಲ. ದೂಧಗಂಗೆಯ ದಡದಲ್ಲಿ ಮರಿಮೀನುಗಳ ಹಿಂಡು ಒಮ್ಮೆಲೇ ಹೊರಳುವುದನ್ನು ಕಂಡವರಿಗೆ ಯಾವ ಗಾಜೂ ಚಿಕ್ಕದೇ.

ಕೊನೆಗೆ ಅವೆರಡನ್ನೂ ಅಥಣಿಯ ಗೆಳೆಯನ ನಾಲ್ಕಡಿ ತೊಟ್ಟಿಗೆ, ಎಂಟು ಬಾರ್ಬ್‌ಗಳ ನಡುವೆ ಬಿಟ್ಟು ಬಂದೆ. ತಿಂಗಳಾದ ಮೇಲೆ ಹೋಗಿ ನೋಡಿದರೆ, ಆ 'ಕೆಟ್ಟ' ಮೀನುಗಳು ಯಾವುವೆಂದು ಗುರುತೇ ಹತ್ತಲಿಲ್ಲ.