ಅಟ್ಟದ ಮೇಲಿನ ಗ್ರೈಂಡರು ಯಾರಿಗೆ ಸೇರಿದ್ದು?



ಅರಸರ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಒಬ್ಬ ಬಡ ವಿಧವೆಯ ವೃತ್ತಾಂತವಿದೆ. ಅವಳ ಗಂಡ ದೈವಭಯವುಳ್ಳವನು. ಆದರೆ ಸಾಲ ಉಳಿಸಿ ತೀರಿಹೋಗಿದ್ದಾನೆ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದಾನೆ. ಅವಳು ಪ್ರವಾದಿ ಎಲೀಷನ ಬಳಿ ಗೋಳಿಡುತ್ತಾಳೆ. ಮನೆಯಲ್ಲಿ ಏನಿದೆ ಎಂದು ಆತ ಕೇಳುತ್ತಾನೆ. ಒಂದು ಕುಡಿಕೆ ಎಣ್ಣೆಯ ಹೊರತು ಏನೂ ಇಲ್ಲ. ಆಗ ಪ್ರವಾದಿ ತೋರಿಸಿದ ದಾರಿಯನ್ನು ಗಮನಿಸಿ. ನೆರೆಹೊರೆಯ ಮನೆಗಳಿಗೆ ಹೋಗಿ ಬರಿದಾದ ಪಾತ್ರೆಗಳನ್ನು ಎರವಲು ತರಬೇಕು. ಅದೂ ಒಂದೆರಡಲ್ಲ, ಸಿಕ್ಕಷ್ಟೂ ತರಬೇಕು. ಅವಳು ಹಾಗೆಯೇ ಮಾಡಿದಳು. ಬಾಗಿಲು ಮುಚ್ಚಿಕೊಂಡು ಎಣ್ಣೆ ಹೊಯ್ಯತೊಡಗಿದಾಗ ಒಂದಾದ ಮೇಲೊಂದು ಪಾತ್ರೆ ತುಂಬುತ್ತಾ ಹೋಯಿತು. ಇನ್ನು ಪಾತ್ರೆ ಇಲ್ಲ ಎಂದಾಗ ಎಣ್ಣೆಯೂ ನಿಂತಿತು. ಎಣ್ಣೆ ಮಾರಿ ಸಾಲ ತೀರಿತು, ಮಕ್ಕಳು ಮನೆಯಲ್ಲೇ ಉಳಿದರು.

ಈ ಅದ್ಭುತದಲ್ಲಿ ಎಣ್ಣೆ ದೇವರದು, ಪಾತ್ರೆಗಳು ನೆರೆಯವರವು. ಅಂದು ಆ ಬೀದಿಯ ಮನೆಗಳಲ್ಲಿ ಉಪಯೋಗವಿಲ್ಲದೆ ಬಿದ್ದಿದ್ದ ಕೊಡಗಳು, ಗಡಿಗೆಗಳು ಎಷ್ಟಿದ್ದವೋ ನಮಗೆ ತಿಳಿಯದು. ಆದರೆ ಎಷ್ಟು ಹೊರಬಂದವೋ ಅಷ್ಟು ತುಂಬಿದವು. ಯಾವಳಾದರೂ ಗೃಹಿಣಿ, 'ಯಾವತ್ತಾದರೂ ಬೇಕಾದೀತು' ಎಂದು ತನ್ನ ಗಡಿಗೆಯನ್ನು ಒಳಗೇ ಇಟ್ಟುಕೊಂಡಿದ್ದರೆ, ಆ ಗಡಿಗೆಯಷ್ಟು ದೇವರ ವರ ಕಡಿಮೆಯಾಗುತ್ತಿತ್ತು. ಕೊಟ್ಟವರ ಹೆಸರು ಗ್ರಂಥದಲ್ಲಿಲ್ಲ. ಅವರು ಕೊಟ್ಟದ್ದರಿಂದ ಇಬ್ಬರು ಮಕ್ಕಳು ಜೀತದಿಂದ ಉಳಿದರು ಎಂಬುದು ಮಾತ್ರ ಇದೆ.

ಈಗ ನಮ್ಮ ಅಡುಗೆಮನೆಗೆ ಬರೋಣ. ಅಟ್ಟದ ಮೇಲೆ, ಮಂಚದ ಕೆಳಗೆ, ಬೀರುವಿನ ತುದಿಯಲ್ಲಿ ಏನೇನಿದೆ ಎಂದು ಒಮ್ಮೆ ನೋಡಿ. ಮಿಕ್ಸಿ ಬಂದಮೇಲೆ ಬದಿಗೆ ಸರಿದ ಗ್ರೈಂಡರು, ಮದುವೆಗೆ ಉಡುಗೊರೆಯಾಗಿ ಬಂದು ಪೆಟ್ಟಿಗೆಯಿಂದ ಹೊರಬರದ ಸ್ಯಾಂಡ್‌ವಿಚ್ ಟೋಸ್ಟರ್, ತೊಳೆಯುವ ತಾಪತ್ರಯಕ್ಕೆ ಹೆದರಿ ಮೂಲೆ ಸೇರಿದ ಜ್ಯೂಸರ್, ಗಲ್ಫಿನಿಂದ ಮಗ ತಂದ ಓವನ್, ಎರಡನೆಯ ಕುಕ್ಕರು, ಮೂರನೆಯ ಫ್ಲಾಸ್ಕು. ಹೆಂಡತಿ 'ಜಾಗ ತಿನ್ನುತ್ತದೆ, ಕೊಟ್ಟುಬಿಡೋಣ' ಎನ್ನುತ್ತಾಳೆ. ಗಂಡ 'ದುಡ್ಡು ಕೊಟ್ಟು ತಂದದ್ದು' ಎನ್ನುತ್ತಾನೆ. ಅಜ್ಜಿ 'ಇರಲಿ ಬಿಡಿ, ಅದೇನು ಅನ್ನ ಕೇಳುತ್ತದೆಯೇ?' ಎನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ, ಗ್ರೈಂಡರೂ ಅಲ್ಲೇ ಉಳಿಯುತ್ತದೆ.

ಇದು ಜಾಗದ ಪ್ರಶ್ನೆಯೆಂದು ನಾವು ತಿಳಿದಿದ್ದೇವೆ. ಧರ್ಮಸಭೆಯ ಪಿತೃಗಳು ಇದನ್ನು ನ್ಯಾಯದ ಪ್ರಶ್ನೆಯೆಂದು ಕಂಡರು. ನಾಲ್ಕನೆಯ ಶತಮಾನದಲ್ಲಿ ಸೆಸರೇಯದ ಧರ್ಮಾಧ್ಯಕ್ಷರಾಗಿದ್ದ ಸಂತ ಬೆಸಿಲರು, ಸಂತ ಲೂಕರ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಬರುವ ಶ್ರೀಮಂತನ ಸಾಮತಿಯ ಮೇಲೆ ಪ್ರಬೋಧನೆ ಮಾಡಿದ್ದಾರೆ. ಹಳೆಯ ಕಣಜಗಳನ್ನು ಕೆಡವಿ ದೊಡ್ಡ ಕಣಜ ಕಟ್ಟಲು ಹೊರಟವನು ಆತ. ಬೆಸಿಲರ ವಾದ ನೇರವಾದದ್ದು: ನಿಮ್ಮಲ್ಲಿ ಹೆಚ್ಚಾಗಿ ಉಳಿದಿರುವ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆ ಬೆತ್ತಲೆಯಿರುವವನದು. ಬೆಸಿಲರು ಬರಿಯ ಮಾತಿನವರಲ್ಲ. ಬಡವರಿಗೂ ರೋಗಿಗಳಿಗೂ ಊರ ಹೊರಗೆ ಆಶ್ರಯತಾಣವನ್ನೇ ಕಟ್ಟಿಸಿದವರು. ಜಗದ್ಗುರು ಆರನೆಯ ಪೌಲರು 1967ರ ವಿಶ್ವಪತ್ರದಲ್ಲಿ ಇದೇ ಬೋಧನೆಯನ್ನು ನಮ್ಮ ಕಾಲಕ್ಕೆ ನೆನಪಿಸಿದರು: ಇತರರಿಗೆ ಅಗತ್ಯವಾದದ್ದೇ ಇಲ್ಲದಿರುವಾಗ, ತನಗೆ ಬೇಡವಾದದ್ದನ್ನು ತನಗಾಗಿಯೇ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ದಿನವೂ ಬಳಸದ್ದನ್ನೆಲ್ಲ ಹೊರಗೆ ಹಾಕಬೇಕೇ? ಇಲ್ಲ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಬೆಥಾನಿಯಲ್ಲಿ ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಪ್ರಭುವಿನ ಪಾದಗಳಿಗೆ ಹಚ್ಚಿದಾಗ, ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಲೆಕ್ಕ ಹೇಳಿದವನು ಯೂದ. ಪ್ರಭು ಯೇಸು ಅವಳ ಪರವಾಗಿ ನಿಂತರು. ಆ ತೈಲವನ್ನು ಅವಳು ಪ್ರತಿದಿನ ಬಳಸಿರಲಿಲ್ಲ. ಒಂದೇ ದಿನಕ್ಕಾಗಿ ಕಾಪಾಡಿದ್ದಳು. ನಿಮ್ಮ ಮನೆಯ ರೋಸ್ ಕುಕ್ಕೀಸಿನ ಅಚ್ಚು ವರ್ಷದಲ್ಲಿ ಒಂದೇ ಸಲ, ಕ್ರಿಸ್ತಜಯಂತಿಗೆ ಮುಂಚೆ, ಹೊರಬರುತ್ತಿರಬಹುದು. ಆ ಒಂದು ದಿನ ಮಕ್ಕಳು ಅಮ್ಮನ ಸುತ್ತ ಕೂಡುತ್ತಾರೆ, ಕರಿದದ್ದು ಜಾತಿಮತವೆನ್ನದೆ ಹತ್ತು ಮನೆಗಳಿಗೆ ತಟ್ಟೆಯಲ್ಲಿ ಹೋಗುತ್ತದೆ. ಶ್ಯಾವಿಗೆ ಒರಳೂ ಅಷ್ಟೇ, ಹಬ್ಬದೂಟದ ದೊಡ್ಡ ತಪ್ಪಲೆಯೂ ಅಷ್ಟೇ. ಅಂಥದ್ದನ್ನು ಇಟ್ಟುಕೊಳ್ಳಿ, ಹುಳಿ ಹಾಕಿ ತಿಕ್ಕಿ ಇಟ್ಟುಕೊಳ್ಳಿ. ಎಷ್ಟು ಸಲ ಬಳಸಿದಿರಿ ಎಂಬುದಕ್ಕಿಂತ, ಬಳಸಿದಾಗ ಯಾರ ಮುಂದೆ ತಟ್ಟೆ ಇಟ್ಟಿರಿ ಎಂಬುದು ಮುಖ್ಯ.

ಆದುದರಿಂದ ಒಂದೊಂದು ವಸ್ತುವನ್ನೂ ಕೈಗೆ ತೆಗೆದುಕೊಂಡು ಮೂರು ಪ್ರಶ್ನೆ ಕೇಳಿರಿ.

ಮೊದಲನೆಯದು: ಇದು ಯಾರ ದುಡಿಮೆಯನ್ನು ಹಗುರ ಮಾಡುತ್ತದೆ? ಒರಳುಕಲ್ಲಿನ ಮುಂದೆ ಕುಳಿತು ಗುಂಡು ತಿರುವಿ ಅಮ್ಮಂದಿರ ರಟ್ಟೆ ಸೋತಿದ್ದ ಕಾಲದಲ್ಲಿ ಗ್ರೈಂಡರು, ಮಿಕ್ಸಿಗಳು ಬಂದವು. 1960ರ ದಶಕದಲ್ಲಿ ನಮ್ಮ ದೇಶದಲ್ಲೇ ತಯಾರಾದ ಸುಮೀತ್ ಮಿಕ್ಸಿ, ಕೊಬ್ಬರಿ, ಅರಿಶಿನ, ಉದ್ದು ಅರೆಯುವ ನಮ್ಮ ಅಡುಗೆಗೆಂದೇ ಬಂದದ್ದು. ಇಂಥ ಯಂತ್ರದ ಹಿಂದೆ ಒಂದು ಕರುಣೆಯಿದೆ. ಆದುದರಿಂದ ಅಡುಗೆಮನೆಯಲ್ಲಿ ದುಡಿಯುವವರ ಮಾತೇ ಇಲ್ಲಿ ಕೊನೆಯ ಮಾತಾಗಲಿ. ಮಂಡಿನೋವಿನ ಅತ್ತೆಗೆ ವಾರಕ್ಕೊಮ್ಮೆ ನೆರವಾಗುವ ಯಂತ್ರವನ್ನು, ಅಡುಗೆಮನೆಗೆ ಕಾಲಿಡದ ಗಂಡಸು 'ಯಾರೂ ಬಳಸುವುದಿಲ್ಲ' ಎಂದು ಎತ್ತಿಕೊಡುವುದು ದಾನವಾಗದು.

ಎರಡನೆಯದು: ಇದನ್ನು ಇಟ್ಟುಕೊಂಡಿರುವುದು ಪ್ರೀತಿಯಿಂದಲೋ, ಭಯದಿಂದಲೋ? ದುಡ್ಡು ಹೋದೀತೆಂಬ ಭಯವಿದ್ದರೆ, ಆ ದುಡ್ಡು ಅಂಗಡಿಯಲ್ಲೇ ಹೋಗಿದೆ. ಅಟ್ಟದ ಮೇಲೆ ಇಟ್ಟಮಾತ್ರಕ್ಕೆ ಮರಳಿ ಬರುವುದಿಲ್ಲ. ಉಡುಗೊರೆ ಕೊಟ್ಟವರು ಏನೆಂದುಕೊಳ್ಳುವರೋ ಎಂಬ ಸಂಕೋಚವಿದ್ದರೆ, ಅವರು ಕೊಟ್ಟದ್ದು ನಿಮ್ಮ ಸಂತೋಷಕ್ಕೆ, ನಿಮ್ಮ ಅಟ್ಟಕ್ಕಲ್ಲ. ತೀರಿಹೋದ ತಾಯಿಯ ನೆನಪೆಂದು ಇಟ್ಟುಕೊಂಡಿದ್ದರೆ ಅದು ಪ್ರೀತಿ. ಅದಕ್ಕೆ ಯಾರ ಮುಂದೆಯೂ ಲೆಕ್ಕ ಒಪ್ಪಿಸಬೇಕಿಲ್ಲ. ಆದರೂ ಒಂದು ಮಾತು. ತಾಯಿ ಹತ್ತು ಜನರಿಗೆ ಉಣಿಸಿದ ಗ್ರೈಂಡರು ಇನ್ನೊಂದು ಮನೆಯಲ್ಲಿ ತಿರುಗಿ ಹತ್ತು ಜನರಿಗೆ ಉಣಿಸಿದರೆ, ಆಕೆಯ ಆತ್ಮಕ್ಕೆ ಅದಕ್ಕಿಂತ ತಂಪಾದ ಪ್ರಾರ್ಥನೆ ಬೇರೊಂದಿದೆಯೇ? ಯೋಚಿಸಿರಿ.

ಮೂರನೆಯದು: ಇದಿಲ್ಲದೆ ಯಾರಿಗಾದರೂ ಇಂದು ತೊಂದರೆಯಾಗಿದೆಯೇ? ಇದಕ್ಕೆ ಉತ್ತರ ಮನೆಯೊಳಗೆ ಕುಳಿತರೆ ಸಿಗದು. ನಿಮ್ಮ ಧರ್ಮಕೇಂದ್ರದಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯಿದ್ದರೆ ಅದರ ಸದಸ್ಯರನ್ನು ಕೇಳಿ. ಅವರು ಬಡವರ ಮನೆಗಳಿಗೆ ಹೋಗಿ ಬರುವವರು. ಕನ್ಯಾಸ್ತ್ರೀಯರನ್ನು ಕೇಳಿ. ಇಡ್ಲಿ ಮಾರಿ ಮಕ್ಕಳನ್ನು ಓದಿಸುವ ಒಬ್ಬ ತಾಯಿಗೆ ನಿಮ್ಮ ಗ್ರೈಂಡರು ಬರಿಯ ಸಾಮಾನಲ್ಲ, ಅದು ಅವಳ ಜೀವನೋಪಾಯ. ಅದು ಇಲ್ಲದೆ ಅವಳು ಬಡ್ಡಿಗೆ ಸಾಲ ತೆಗೆಯುತ್ತಿರಬಹುದು. ಎಲೀಷನ ಕಾಲದ ವಿಧವೆ ಇಂದೂ ನಮ್ಮ ಬೀದಿಯಲ್ಲಿದ್ದಾಳೆ.

ಕೊಡುವುದಕ್ಕೂ ಒಂದು ರೀತಿಯಿದೆ. ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ಬರೆದ ಮಠದ ನಿಯಮದಲ್ಲಿ, ಉಗ್ರಾಣ ನೋಡಿಕೊಳ್ಳುವ ಸಹೋದರನು ಮಠದ ಪಾತ್ರೆ ಪಗಡಿಗಳೆಲ್ಲವನ್ನೂ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು ವಿಧಿಸಿದ್ದಾರೆ. ಹಾಗೆ ಕಾಣುವವನು ಜಿಡ್ಡು ಹಿಡಿದ, ಮುಚ್ಚಳವಿಲ್ಲದ ಮಿಕ್ಸಿಯನ್ನು ಬಡವನ ಕೈಗೆ ದಾಟಿಸಲಾರ. ವರ್ಷಗಟ್ಟಲೆ ಮುಟ್ಟದ ಯಂತ್ರದ ವೈರನ್ನು ಇಲಿ ಕಡಿದಿರಬಹುದು. ಕುಕ್ಕರಿನ ಗ್ಯಾಸ್ಕೆಟ್ ಬಿರುಸಾಗಿರಬಹುದು, ಸೇಫ್ಟಿ ವಾಲ್ವ್ ಕೆಟ್ಟಿರಬಹುದು. ಮೊದಲು ರಿಪೇರಿ ಮಾಡಿಸಿ, ಒಮ್ಮೆ ಓಡಿಸಿ ನೋಡಿ, ತೊಳೆದು ಒರೆಸಿ ಕೊಡಿರಿ. ಬೇಕೇ ಎಂದು ಮೊದಲು ಕೇಳಿರಿ. ಬೇಡವೆನ್ನುವ ಸ್ವಾತಂತ್ರ್ಯ ಅವರಿಗೂ ಇದೆ. ಕೊಟ್ಟಮೇಲೆ ಮರೆತುಬಿಡಿ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬುದು ಪ್ರಭುವಿನ ಬೋಧನೆಯಾಗಿರುವಾಗ, ಕೊಡುವಾಗ ಫೋಟೋ ಏಕೆ?

ರಿಪೇರಿಗೂ ಬಾರದ್ದನ್ನು ತಿಪ್ಪೆಗೆ ಎಸೆಯಬೇಡಿ. ಇಂಥ ಸಾಮಾನುಗಳ ವೈರನ್ನು ಬಯಲಲ್ಲಿ ಸುಟ್ಟು ತಾಮ್ರ ತೆಗೆಯುವಾಗ ಏಳುವ ವಿಷದ ಹೊಗೆ ಬಡವರ ಎದೆಗೇ ಹೋಗುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಮನೆಬಳಕೆಯ ಸಣ್ಣ ವಿದ್ಯುತ್ ಉಪಕರಣಗಳೂ ಅವುಗಳಲ್ಲಿ ಸೇರಿವೆ. ನೋಂದಾಯಿತ ಮರುಸಂಸ್ಕರಣಕಾರರಿಗೇ ಒಪ್ಪಿಸಿರಿ. ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆ ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ 'ಲಾವುದಾತೊ ಸೀ' ವಿಶ್ವಪತ್ರದಲ್ಲಿ ಎಚ್ಚರಿಸಿದ್ದು ನಮ್ಮ ಅಡುಗೆಮನೆಗೂ ಅನ್ವಯಿಸುತ್ತದೆ.

ಇನ್ನು ಕೆಲವು ವಸ್ತುಗಳು ವರ್ಷಕ್ಕೆರಡು ಸಲ ಬೇಕು. ಆದರೆ ಪ್ರತಿ ಮನೆಯಲ್ಲೂ ಬೇಕಿಲ್ಲ. ನಾಲ್ಕು ಮನೆಯವರು ಕೂಡಿ ಒಂದು ಓವನ್, ಒಂದು ದೊಡ್ಡ ಗ್ರೈಂಡರು ಇಟ್ಟುಕೊಳ್ಳಲು ಏನು ಅಡ್ಡಿ? ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಪದ್ಧತಿ ನಮ್ಮ ಹಿರಿಯರದು. ಎರವಲು ಕೇಳಲು ನಾಚುವುದನ್ನು ನಾವು ಕಲಿತಮೇಲೆಯೇ ಅಟ್ಟಗಳು ತುಂಬಿದವು. ಕಂತಿನ ಮೇಲೆ ಹೊಸದೊಂದನ್ನು ತರುವ ಮುನ್ನ, ಪಕ್ಕದ ಮನೆಯ ಬಾಗಿಲು ತಟ್ಟಿ ಕೇಳುವ ವಿನಯವನ್ನು ಮತ್ತೆ ಅಭ್ಯಾಸ ಮಾಡೋಣ.

ಮುಂದಿನ ಭಾನುವಾರದ ಬಲಿಪೂಜೆಗೆ ಮುಂಚೆ, ಮನೆಯವರೆಲ್ಲರೂ ಕೂಡಿ ಒಮ್ಮೆ ಅಟ್ಟ ಹತ್ತಿರಿ. ಎಲ್ಲವನ್ನೂ ಇಳಿಸಬೇಕಾಗಿಲ್ಲ, ಒಂದನ್ನು ಇಳಿಸಿದರೆ ಸಾಕು. ವಿಧವೆಯ ಕುಡಿಕೆಯನ್ನು ಹರಸಿದ ದೇವರು ನಿಮ್ಮ ಒಲೆಯನ್ನೂ, ನಿಮ್ಮ ಪಾತ್ರೆಗಳನ್ನೂ, ಅವು ಹೋಗಿ ಸೇರುವ ಮನೆಗಳನ್ನೂ ಹರಸಲಿ. ಆಮೆನ್.